ಮೂರು ಗಂಟೆಯ ‘ನಿಲ್’

ಮಾಜಿ ಸೈನಿಕರ ಸಂಘದ ಕಾರ್ಯದರ್ಶಿಯವರಿಗೆ ‘ಷರಾ ಸಾಹೇಬರು’ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಯಾರ ಅರ್ಜಿ ಬಂದರೂ ಸರಿ, ಕೊನೆಯಲ್ಲಿ ಷರಾ ಅಂತ ಒಂದು ಕಾಲಂ ಇರುತ್ತದಲ್ಲ, ಅದನ್ನು ಖಾಲಿ ಬಿಟ್ಟರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಕ್ಷರವೋ, ಅಚ್ಚು ಹಾಕಿದ ಹಾಗೆ. ಸೈನ್ಯದಲ್ಲಿದ್ದ ಇಪ್ಪತ್ತೆರಡು ವರ್ಷವೂ ರೈಟರ್ ಕೆಲಸ ಮಾಡಿದವರು. ಬಂದೂಕು ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಜಾಸ್ತಿ. ಅಕ್ಷರ ದುಂಡಗಿದ್ದವನ ನಡತೆಯೂ ನೆಟ್ಟಗಿರುತ್ತದೆ ಅಂತ ಜನ ಅದು ಹೇಗೋ ನಂಬಿಬಿಡುತ್ತಾರೆ. ಸಾಹೇಬರ ಮರ್ಯಾದೆಯೆಲ್ಲ ಆ ನಂಬಿಕೆಯ ಮೇಲೇ ನಿಂತಿತ್ತು.

ಮನೆಯಿಂದ ಸಂಘದ ಕಚೇರಿಗೆ ಏಳು ನಿಮಿಷದ ದಾರಿ. ಸಾಹೇಬರು ಹದಿನಾರು ನಿಮಿಷ ನಡೆಯುತ್ತಿದ್ದರು. ಅದ್ಯಾಕ್ರೀ ಊರೆಲ್ಲ ಸುತ್ತಿಕೊಂಡು ಹೋಗ್ತೀರಿ ಎಂದು ಹೆಂಡತಿ ಒಮ್ಮೆ ಕೇಳಿದ್ದಕ್ಕೆ, ಡಾಕ್ಟರು ನಡೀರಿ ಅಂದಿದ್ದಾರೆ ಎಂದು ಕಾಗೆ ಹಾರಿಸಿದ್ದರು. ನಿಜ ಏನೆಂದರೆ ನೇರ ಬೀದಿಯ ನಡುವೆ ಒಂದು ಇಸ್ತ್ರಿ ಅಂಗಡಿ ಇತ್ತು, ಅದರ ಮುಂದೆ ಹಾಯಲು ಅವರಿಗೆ ಮುಖವಿರಲಿಲ್ಲ. ಗ್ರಹಚಾರ ನೋಡಿ: ಅವರಿದ್ದ ಕಟ್ಟಡದ ಹತ್ತು ಮನೆಯ ಬಟ್ಟೆಯನ್ನೂ ಕೆಲಸದಾಕೆ ಒಂದೇ ಗಂಟು ಕಟ್ಟಿ ಕೊಟ್ಟು ಬರುತ್ತಿದ್ದದ್ದು ಅದೇ ಅಂಗಡಿಗೆ. ಹೀಗೆ ಮುಖ ತಪ್ಪಿಸಿಕೊಂಡು ಓಡಾಡುವ ಮನುಷ್ಯನ ಶರ್ಟು ಮಾತ್ರ ವಾರಕ್ಕೊಮ್ಮೆ ತಪ್ಪದೆ ಅಲ್ಲಿ ಹಾಜರಿ ಹಾಕುತ್ತಿತ್ತು.

ಹೀಗಿರುವಾಗ ಸಂಘಕ್ಕೆ ಒಬ್ಬ ಮೇಡಂ ಬಂದರು. ವಿಜ್ಞಾನ ಓದಿದ ಹೆಂಗಸು, ವಯಸ್ಸು ನಲವತ್ತರ ಹತ್ತಿರ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಒಂದು ಹೊರೆ ಫಾರಂ. ಆಕಾಶದಲ್ಲಿ ಕಂಡು, ಇದು ಇಂಥದ್ದು ಅಂತ ಯಾರಿಂದಲೂ ಹೇಳಲಾಗದೆ ಹೋದ ವಸ್ತುಗಳ ಬಗ್ಗೆ ಮಾಹಿತಿ ಕೂಡಿಸುವುದು ಅವರ ಸಂಸ್ಥೆಯ ಕೆಲಸ. ಗೋಪುರದ ಮೇಲೆ, ರಾಡಾರಿನ ಮುಂದೆ ವರ್ಷಗಟ್ಟಲೆ ಆಕಾಶ ಕಾದವರು ಸೈನಿಕರು. ಕಂಡದ್ದನ್ನು ಹೇಳಿದರೆ ನಗುತ್ತಾರೆ ಅಂತ ಬಾಯಿ ಮುಚ್ಚಿಕೊಂಡವರೂ ಅವರೇ. ಆದ್ದರಿಂದ ಮೇಡಂ ಸಂಘದಿಂದ ಸಂಘಕ್ಕೆ ಅಲೆದು, ಮುದುಕರಿಗೆ ಧೈರ್ಯ ಹೇಳಿ, ಫಾರಂ ತುಂಬಿಸಿಕೊಳ್ಳುತ್ತಿದ್ದರು. ಷರಾ ಸಾಹೇಬರೇ ನಿಂತು ಸಭೆ ಏರ್ಪಾಡು ಮಾಡಿದರು, ಕುರ್ಚಿ ಹಾಕಿಸಿದರು, ಕರಪತ್ರದ ಒಕ್ಕಣೆ ತಿದ್ದಿ ಒಂದು ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವರಿಗೆ ಹೊಳೆಯದೇ ಇರಲಿಲ್ಲ. ಹೊಳೆದಿತ್ತು; ಆದರೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರಲ್ಲ ಎಂಬ ಅಳುಕು.

ಸಂಘದ ಹಾಲಿನಲ್ಲಿ ನಡೆದ ಸಭೆಗೆ ಮೂವತ್ತು ಮೂವತ್ತೈದು ಜನ ಬಂದರು. ಮೇಡಂ ಎದ್ದು ನಿಂತು, ಇಲ್ಲಿ ಯಾರೂ ಯಾರನ್ನೂ ನೋಡಿ ನಗುವುದಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿ ಎಂದು ಕೇಳಿಕೊಂಡರು. ಮೊದಮೊದಲು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಳೆಯ ಡ್ರೈವರ್ ಒಬ್ಬ, ತನ್ನ ಸರ್ವೀಸಿನಲ್ಲಿ ಕಂಡು ಮಾಯವಾದ ವಸ್ತು ಎಂದರೆ ರಜಾ ಚೀಟಿ ಒಂದೇ, ಅದರ ಫಾರಂ ಇದ್ದರೆ ಕೊಡಿ ಎಂದ. ಮೇಡಂ ಕೂಡ ನಕ್ಕರು. ನಗು ಇಳಿದ ಮೇಲೆ ಒಬ್ಬಿಬ್ಬರು ನಿಜವಾಗಿಯೇ ಬಾಯಿ ಬಿಟ್ಟರು. ಒಬ್ಬ ಹಿಮದ ಮೇಲೆ ಹಾದು ಹೋದ ಹಸಿರು ಬೆಳಕಿನ ಸಂಗತಿ ಹೇಳುತ್ತ ಹೇಳುತ್ತ ಬೆವರು ಒರೆಸಿಕೊಂಡ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, ಇದಕ್ಕೆಲ್ಲ ನಮ್ಮ ಚುಕ್ಕೀನ ಕರೆಸಬೇಕು ಕಣ್ರೋ ಎಂದರು. ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ಸಾಹೇಬರೂ ನಕ್ಕರು. ನಗದಿದ್ದರೆ ಎದ್ದು ಕಾಣುತ್ತಿತ್ತು. ನಕ್ಕ ಮೇಲೆ ಬಾಯೆಲ್ಲ ಕಹಿಯಾಯಿತು, ಎರಡು ಲೋಟ ಟೀ ಕುಡಿದರೂ ಹೋಗಲಿಲ್ಲ.

ಚುಕ್ಕಿ ಎಂದರೆ ಆ ಇಸ್ತ್ರಿ ಅಂಗಡಿಯವನೇ. ಮೂವತ್ತೊಂದು ವರ್ಷದ ಹಿಂದೆ ಇಬ್ಬರೂ ಒಂದು ಬೋಳುಬೆಟ್ಟದ ಬುಡದ ಶಿಬಿರದಲ್ಲಿದ್ದರು. ಅವನು ನೀರಿನ ಟ್ಯಾಂಕಿನ ಮೇಲಿನ ಪಹರೆಯವನು, ಚುರುಕು ಆಳು, ಮುಂದಿನ ತಿಂಗಳು ತೋಳಿಗೆ ಬಡ್ತಿಯ ಪಟ್ಟಿ ಸಿಗುವುದಿತ್ತು. ಸಾಹೇಬರು ಫೋನ್ ಕೋಣೆಯ ರೈಟರ್. ಪಹರೆಯವರಿಂದ ಬರುವ ಫೋನ್ ಎತ್ತಿ, ಗಂಟೆ ಗಂಟೆಗೂ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಅವರ ಕೆಲಸ. ವಿಶೇಷವೇನೂ ಇಲ್ಲದಿದ್ದರೆ ಷರಾ ಕಾಲಂನಲ್ಲಿ ‘ನಿಲ್’ ಎಂದು ಬರೆದರೆ ಮುಗಿಯಿತು. ವರ್ಷಕ್ಕೆ ಮುನ್ನೂರ ಅರವತ್ತು ದಿನ ನಿಲ್ಲೇ. ಹೀಗಾಗಿ ರೈಟರುಗಳಿಗೆಲ್ಲ ಒಂದು ಚಾಳಿ ಅಂಟಿಕೊಂಡಿತ್ತು: ಪಾಳಿಗೆ ಕೂತ ಕೂಡಲೇ ಮುಂದಿನ ಆರು ಗಂಟೆಗೂ ಒಂದೇ ಉಸಿರಿಗೆ ನಿಲ್, ನಿಲ್, ನಿಲ್ ಎಂದು ಬರೆದು ಸಹಿ ಹಾಕಿಬಿಡುವುದು. ಆ ರಿಜಿಸ್ಟರಿನಲ್ಲಿ ಗೀಟು ಹೊಡೆಯುವ ಹಾಗಿರಲಿಲ್ಲ. ಹೊಡೆದರೆ ಅಧಿಕಾರಿಯ ಮುಂದೆ ಹೋಗಿ, ಯಾಕೆ ಹೊಡೆದೆ ಎಂದು ಹೇಳಿ, ಅವರ ಸಹಿ ತರಬೇಕಿತ್ತು.

ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪಾಳಿ. ಹನ್ನೆರಡೂ ಕಾಲಿಗೆಲ್ಲ ಸಂಜೆ ಆರರವರೆಗಿನ ನಿಲ್ ಬರೆದು ಮುಗಿದಿತ್ತು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಟ್ಯಾಂಕಿನಿಂದ ಫೋನ್ ಬಂತು. ಬೆಟ್ಟದ ನೆತ್ತಿಯ ಮೇಲೆ ಏನೋ ನಿಂತಿದೆ ರೈಟರೇ, ಸದ್ದಿಲ್ಲ, ರೆಕ್ಕೆಯಿಲ್ಲ, ಬಾಣಲೆ ಮಗುಚಿಟ್ಟ ಹಾಗಿದೆ, ಹೊರಗೆ ಬಂದು ನೋಡಿ ಎಂದು ಅವನು ಒಂದೇ ಸಮನೆ ಹೇಳಿದ. ಸಾಹೇಬರು ಆಯ್ತು ಎಂದು ಫೋನ್ ಇಟ್ಟರು. ಇಟ್ಟವರು ಯಾರಿಗೂ ತಿಳಿಸಲಿಲ್ಲ. ಫೋನ್ ಮಾಡಿ ಹತ್ತು ನಿಮಿಷದಲ್ಲಿ ಅಪ್ಪಣೆ ಬಾರದಿದ್ದರೆ ಸೈರನ್ ಒತ್ತು ಎಂಬುದು ಪಹರೆಯವನಿಗೆ ಇದ್ದ ನಿಯಮ. ಅವನು ಗಡಿಯಾರ ನೋಡಿಕೊಂಡು ಕಾದು, ಸರಿಯಾಗಿ ಮೂರಕ್ಕೆ ಒತ್ತಿದ. ಇಡೀ ಶಿಬಿರ ಬನಿಯನ್ನಿನಲ್ಲೇ ಎದ್ದು ಬಿದ್ದು ಓಡಿ ಬಂತು. ಅಷ್ಟರಲ್ಲಿ ಬೆಟ್ಟದ ಮೇಲೆ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ವಿಚಾರಣೆ ಎರಡೇ ನಿಮಿಷ ನಡೆಯಿತು. ಮೊದಲು ಫೋನ್ ಮಾಡಿದ್ದೆ ಸರ್ ಎಂದ ಚುಕ್ಕಿ. ಅಧಿಕಾರಿ ರಿಜಿಸ್ಟರ್ ತಿರುಗಿಸಿ ನೋಡಿದರು. ಮೂರು ಗಂಟೆಯ ಸಾಲಿನಲ್ಲಿ ದುಂಡಗೆ ನಿಲ್, ಪಕ್ಕದಲ್ಲಿ ಸಹಿ. ಫೋನ್ ಬಂತಾ ಎಂದು ರೈಟರನ್ನು ಕೇಳಿದರು. ಬಂತು ಎಂದರೆ ಇದನ್ನು ಯಾವಾಗ ಬರೆದೆ ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಸಾಹೇಬರ ಗತಿ ದೇವರಿಗೇ ಪ್ರೀತಿ. ಇಲ್ಲ ಸರ್ ಎಂದುಬಿಟ್ಟರು. ಪಕ್ಕದಲ್ಲೇ ಸಾವಧಾನ್ ಭಂಗಿಯಲ್ಲಿ ಸೆಟೆದು ನಿಂತಿದ್ದ ಚುಕ್ಕಿ ಕತ್ತು ತಿರುಗಿಸಿ ಅವರ ಮುಖ ನೋಡಿದ. ಅಂದಿನಿಂದ ಇಂದಿನವರೆಗೆ ಸಾಹೇಬರು ಆ ಮುಖವನ್ನು ಎದುರಿಗೆ ನೋಡಿದ್ದಿಲ್ಲ. ಅವನ ಪಟ್ಟಿ ಹೋಯಿತು. ತಲೆ ಡಾಕ್ಟರ ಹತ್ತಿರ ಮೂರು ವಾರ ಇಟ್ಟು ಮಾತ್ರೆ ನುಂಗಿಸಿದರು, ಬಂದ ಮೇಲೆ ಅಡುಗೆಮನೆಗೆ ಹಾಕಿದರು. ಹಾಡಹಗಲಲ್ಲಿ ಚುಕ್ಕಿ ಕಂಡವನು ಅಂತ ಜೊತೆಯವರು ಇಟ್ಟ ಹೆಸರು ಊರಿಗೆ ಬಂದ ಮೇಲೂ ಬೆನ್ನು ಬಿಡಲಿಲ್ಲ. ಅವನು ಸಂಘದ ಮೆಟ್ಟಿಲನ್ನೇ ಹತ್ತಲಿಲ್ಲ.

ಸಭೆಯಾಗಿ ಒಂದು ತಿಂಗಳಿಗೆ ಮೇಡಂ ಒಂದು ಫೈಲು ಹಿಡಿದು ಕಚೇರಿಗೆ ಬಂದರು. ಅಂಚೆಯಲ್ಲಿ ಒಂದು ಫಾರಂ ಬಂದಿದೆ, ಪೆನ್ಸಿಲಿನಲ್ಲಿ ತುಂಬಿದ್ದಾರೆ, ಇಸ್ತ್ರಿಗೆ ಬಂದ ಯಾರದೋ ಶರ್ಟಿನ ಜೇಬಿನಲ್ಲಿ ನಮ್ಮ ಕರಪತ್ರ ಸಿಕ್ಕಿತಂತೆ ಎಂದು ನಗುತ್ತ ಹೇಳಿದರು. ಯಾರದೋ ಶರ್ಟು ಯಾರದೆಂದು ಸಾಹೇಬರಿಗೆ ಹೇಳಬೇಕೇ. ಬರೆದಿರುವುದೆಲ್ಲ ವಿವರವಾಗಿದೆ, ಆದರೆ ಫೋನ್ ಮಾಡಿದ್ದೆ ಎನ್ನುತ್ತಾರೆ, ದಾಖಲೆ ಹಾಗೆ ಹೇಳುವುದಿಲ್ಲ, ಚಿಕಿತ್ಸೆ ಬೇರೆ ಆಗಿತ್ತಂತೆ ಪಾಪ, ಆದ್ದರಿಂದ ‘ಆಧಾರವಿಲ್ಲ’ ಎಂಬ ಪಟ್ಟಿಗೆ ಸೇರಿಸುತ್ತಿದ್ದೇವೆ, ಕಾರ್ಯದರ್ಶಿಯಾಗಿ ನೀವೊಂದು ಷರಾ ಬರೆದು ಸಹಿ ಮಾಡಿ ಎಂದು ಮೇಡಂ ಕಾಗದ ಮುಂದಿಟ್ಟರು. ಅದರ ಜೊತೆಗೆ, ಸೈನ್ಯದ ದಾಖಲೆ ಕಚೇರಿಯಿಂದ ತರಿಸಿದ ಹಳೆಯ ರಿಜಿಸ್ಟರಿನ ಹಾಳೆಯ ಜೆರಾಕ್ಸ್ ಪಿನ್ನು ಮಾಡಿತ್ತು. ಮೂರು ಗಂಟೆಯ ಎದುರು ತಮ್ಮದೇ ಅಕ್ಷರ, ಅಷ್ಟೇ ದುಂಡಗೆ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಇದೇ ಕೈ, ಇದೇ ಮನುಷ್ಯನ ಮೇಲೆ, ಎರಡನೇ ಸಲ. ಮೊದಲ ಸಲವಾದರೆ ಹೆದರಿಕೆ ಅಂತ ಹೇಳಿಕೊಳ್ಳಬಹುದಿತ್ತು. ಈಗ ಈ ಅರವತ್ತಮೂರನೇ ವಯಸ್ಸಿನಲ್ಲಿ ಯಾವ ಅಧಿಕಾರಿಗೆ ಹೆದರಬೇಕು? ಜೆರಾಕ್ಸಿನ ಮೇಲೆ ಬೆರಳಿಟ್ಟು, ಈ ಸಹಿ ನನ್ನದೇ ಮೇಡಂ, ಫೋನ್ ಬಂದಿತ್ತು ಎಂದು ಹೇಳಿದರು. ಹೇಳುವಾಗ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಮೇಡಂ ಫೈಲು ಮುಚ್ಚಿದರು. ಆಮೇಲೆ, ಇದನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳುತ್ತೀರಾ ಎಂದು ಮೆಲ್ಲಗೆ ಕೇಳಿದರು.

ಹೇಳಿದರು. ತಲೆ ತಗ್ಗಿಸಿಕೊಂಡು, ಮೊದಲೇ ನಿಲ್ ಬರೆದಿಟ್ಟದ್ದು, ಫೋನ್ ಎತ್ತಿದ್ದು, ಇಲ್ಲ ಸರ್ ಎಂದದ್ದು, ಎಲ್ಲವನ್ನೂ ಹೇಳಿದರು. ಉಗಿಯುತ್ತಾರೆ, ಕುರ್ಚಿಯಿಂದ ಇಳಿಸುತ್ತಾರೆ ಎಂದುಕೊಂಡಿದ್ದರು. ಆದದ್ದೇ ಬೇರೆ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುವುದಕ್ಕೂ ಎದೆ ಬೇಕು ಎಂದು ಡ್ರೈವರ್ ಬೆನ್ನು ತಟ್ಟಿದ. ಮೇಡಂ ಕಣ್ಣು ಒರೆಸಿಕೊಂಡು, ಈ ಧೈರ್ಯ ಎಲ್ಲರಿಗೂ ಬರಲಿ ಎಂದರು. ಅಡುಗೆಮನೆಯಲ್ಲಿ ಚುಕ್ಕಿಯ ಜೊತೆ ಆರು ವರ್ಷ ಈರುಳ್ಳಿ ಹೆಚ್ಚಿದ್ದ ಮುದುಕನೊಬ್ಬ ಮಾತ್ರ ಕೈ ಕಟ್ಟಿಕೊಂಡೇ ಎದ್ದು ಹೊರಟುಹೋದ. ಹೊಗಳಿಸಿಕೊಳ್ಳುವುದರಷ್ಟು ನಾಚಿಕೆಯ ಕೆಲಸ ಇನ್ನೊಂದಿಲ್ಲ ಎಂದು ಸಾಹೇಬರಿಗೆ ಅಂದು ಗೊತ್ತಾಯಿತು. ಏಕೆಂದರೆ ಅವರು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ನಾಳೆಯಿಂದ ಈ ಹಾಲಿನಲ್ಲಿ ತಾವೂ ಇನ್ನೊಬ್ಬ ಚುಕ್ಕಿ ಆಗುತ್ತೇವೆ ಎಂದು ನುಂಗಿಕೊಂಡಿದ್ದರು. ಥೂ, ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲವಲ್ಲ ಎಂದು ತಮಗೆ ತಾವೇ ಬೈದುಕೊಂಡರು.

ಮರುದಿನ ಬೆಳಿಗ್ಗೆ ಸಾಹೇಬರು ನೇರ ಬೀದಿ ಹಿಡಿದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಎದೆಮಟ್ಟದ ಮೇಜು, ಅದರ ಮೇಲೆ ಮಡಿಸಿದ ಕಂಬಳಿ, ಸುಟ್ಟ ಕಲೆಗಳ ಬಿಳಿ ಬಟ್ಟೆ, ನೀರು ಚಿಮುಕಿಸುವ ಬಾಟಲಿ. ಗೋಡೆಗೆ ಸಾಲಾಗಿ ತೂಗುಹಾಕಿದ ಪ್ಯಾಂಟುಗಳು, ಅವುಗಳ ಹಿಂದೆ ಒಳಮನೆಗೆ ಬಾಗಿಲು. ಚುಕ್ಕಿಯ ತಲೆ ಪೂರಾ ನೆರೆತಿತ್ತು. ಯಾರದೋ ಶಾಲೆಯ ಸಮವಸ್ತ್ರದ ನೆರಿಗೆಯನ್ನು ಒಂದೊಂದಾಗಿ ಹಿಡಿದು ತೀಡುತ್ತಿದ್ದ. ತಲೆಯೆತ್ತಿ ನೋಡಿ, ಗುರುತು ಹಿಡಿದು, ಮತ್ತೆ ನೆರಿಗೆ ನೋಡಿದ. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಸಾಹೇಬರು ಬಾಗಿಲ ಹತ್ತಿರ ನಿಂತೇ ಶುರು ಮಾಡಿದರು. ಶಿಬಿರದಲ್ಲಿ ಅವನನ್ನು ನೀನು ಎನ್ನುತ್ತಿದ್ದವರಿಗೆ ಈಗ ಆ ಮಾತು ಬಾಯಿಗೆ ಬರಲಿಲ್ಲ. ನಿನ್ನೆ ಸಭೆಯಲ್ಲಿ ಹೇಳಿದ್ದನ್ನೇ ಮತ್ತೆ ಒಪ್ಪಿಸಿದರು: ಸಂಜೆವರೆಗಿನ ನಿಲ್ ಮೊದಲೇ ಬರೆದಿಟ್ಟಿದ್ದೆ, ಫೋನ್ ಬಂದಿತ್ತು, ನಾನು ಎತ್ತಿದ್ದೆ, ಸುಳ್ಳು ಹೇಳಿದೆ, ಮೇಡಂ ನಿಮ್ಮ ಫಾರಂ ಒಪ್ಪಿಕೊಂಡಿದ್ದಾರೆ. ಚುಕ್ಕಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

“ಫೋನ್ ಎತ್ತಿದ್ದು ನನಗೆ ಗೊತ್ತಿಲ್ವಾ ರೈಟರೇ? ಮಾತಾಡಿದ್ದೇ ನಾನು. ಅದನ್ನ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ?” ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ನನಗೆ ಬೇಕಾಗಿರೋದು ಒಂದೇ. ಫೋನ್ ಇಟ್ಟ ಮೇಲೆ ನೀವು ಹೊರಗೆ ಬಂದ್ರಾ?”

ಇದೇ ಪ್ರಶ್ನೆಗೆ ಹೆದರಿ ಸಾಹೇಬರು ದಿನಾ ಒಂಬತ್ತು ನಿಮಿಷ ಹೆಚ್ಚು ಸುತ್ತಿಕೊಂಡು ಓಡಾಡಿದ್ದು.

“ಬಂದೆ.”

“ಕಂಡ್ತಾ?”

“ಕಂಡ್ತು. ನೀವು ಹೇಳಿದ ಹಾಗೇ ಇತ್ತು. ಅದರ ನೆರಳು ಬೆಟ್ಟದ ಮೇಲೆ ಬಿದ್ದಿತ್ತು. ಆಮೇಲೆ ನೆರಳು ಮೊದಲು ಸರೀತು, ಅದರ ಹಿಂದೆ ಅದು ಹೋಯ್ತು.”

ಚುಕ್ಕಿ ಗೋಡೆಯ ಸ್ವಿಚ್ಚು ಆರಿಸಿ, ಮೇಜಿನ ಪಕ್ಕದ ಮೋಡದ ಬಣ್ಣದ ಬಟ್ಟೆಗಂಟಿನ ಮೇಲೆ ಕುಸಿದು ಕೂತ. ನೆರಳಿನ ಮಾತನ್ನು ಅವನು ಫಾರಂನಲ್ಲಿ ಬರೆದಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹುಚ್ಚು ಇನ್ನೂ ಜಾಸ್ತಿಯಾಗಿದೆ ಎಂದಾರು ಎಂದು ಡಾಕ್ಟರಿಗೂ ಹೇಳಿರಲಿಲ್ಲ. ಎಷ್ಟೋ ಹೊತ್ತು ಎರಡೂ ಅಂಗೈಯಿಂದ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದ. ಆಮೇಲೆ ಅವನು ಹೇಳಿದ್ದನ್ನು ಕೇಳಿ, ತಮಗೆ ಕಿವಿ ಯಾಕಾದರೂ ಇದೆಯೋ ಎಂದು ಸಾಹೇಬರಿಗೆ ಅನ್ನಿಸಿತು. ಮಾತ್ರೆಯ ಡಬ್ಬಿ ಹಿಡಿದು ರಜೆಗೆ ಮನೆಗೆ ಬಂದಾಗ ಅವನ ತಾಯಿ ಅನ್ನ ನೀರು ಬಿಟ್ಟು ಕೂತಿದ್ದಳಂತೆ, ಮಗನ ತಲೆ ಕೆಟ್ಟಿತು ಎಂದು. ಅವಳನ್ನು ಸಮಾಧಾನ ಮಾಡಲು ಬೇರೆ ದಾರಿ ಕಾಣದೆ, ತಲೆ ಸರಿಯಾಗೇ ಇದೆ, ಪಹರೆ ತಪ್ಪಿಸಿಕೊಳ್ಳಲು ಬೇಕೆಂದೇ ಸುಳ್ಳು ಹೇಳಿದ್ದೆ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ತಾಯಿ ನಂಬಿದಳು. ಹುಚ್ಚನಲ್ಲ, ಸುಳ್ಳುಗಾರ ಅಷ್ಟೇ ಎಂದು ಸಮಾಧಾನ ಮಾಡಿಕೊಂಡಳು.

“ಹಾಗೆ ನಂಬಿಕೊಂಡೇ ಹೋದ್ಲು,” ಎಂದ ಚುಕ್ಕಿ. “ಆಮೇಲಾಮೇಲೆ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು. ನಾನೇ ಕಟ್ಟಿದ್ನೇನೋ ಅಂತ.”

ಕ್ಷಮಿಸಿ ಎಂದು ಹೇಳಲು ಸಾಹೇಬರ ತುಟಿ ಅಲ್ಲಾಡಿತು, ಆದರೆ ಅಂಥ ಚಿಕ್ಕ ಮಾತನ್ನು ಇಂಥ ಕಡೆ ಇಡಲು ಜಾಗವಿರಲಿಲ್ಲ. ಅವರು ಮೇಜಿನ ಮೇಲೆ ಬಿದ್ದಿದ್ದ ಪೆನ್ಸಿಲ್ ತೆಗೆದುಕೊಂಡು, ಬಟ್ಟೆ ಲೆಕ್ಕದ ಚೀಟಿಯೊಂದರ ಹಿಂಬದಿಯಲ್ಲಿ ತಾರೀಕು, ಸಮಯ, ಬೆಟ್ಟ, ನೆರಳು ಎಲ್ಲ ಬರೆದು, ಕೆಳಗೆ ‘ನಾನೂ ಕಂಡೆ’ ಎಂದು ಸೇರಿಸಿ ಸಹಿ ಹಾಕಿದರು. ಈ ಸಲ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಇದನ್ನು ಮೇಡಂಗೂ ಕೊಡುತ್ತೇನೆ, ಹಾಲಿನಲ್ಲೂ ಓದುತ್ತೇನೆ, ನಗುವವರು ನಗಲಿ ಎಂದರು. ಚುಕ್ಕಿ ಚೀಟಿಯನ್ನು ತಾನು ಓದಲಿಲ್ಲ. ತೂಗುಹಾಕಿದ ಪ್ಯಾಂಟುಗಳ ಕಡೆಗೆ ಕೈ ಚಾಚಿ, “ಇದನ್ನ ಓದೇ,” ಎಂದ.

ಆಗಲೇ ಸಾಹೇಬರಿಗೆ ತಿಳಿದದ್ದು, ಬಾಗಿಲಲ್ಲಿ ಅವನ ಹೆಂಡತಿ ಇಷ್ಟು ಹೊತ್ತೂ ನಿಂತಿದ್ದಳೆಂದು. ತೆಳ್ಳಗಿನ ಹೆಂಗಸು, ಕೈಯಲ್ಲಿ ಒದ್ದೆ ಕಾಲರಿನ ಶರ್ಟು. ಅದನ್ನು ಹೆಗಲ ಮೇಲೆ ಹಾಕಿಕೊಂಡು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ ಚುಕ್ಕಿಯ ಹೆಂಡತಿ ಎಂದು ಕರೆಸಿಕೊಂಡವಳು. ಅಳುತ್ತಾಳೇನೋ, ಶಾಪ ಹಾಕುತ್ತಾಳೇನೋ ಎಂದು ಸಾಹೇಬರು ಕಾದರು. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು, ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

“ಅಲ್ಲಾ, ಆವತ್ತು ಸಂಜೆವರೆಗೂ ಮೊದಲೇ ಬರೆದಿಟ್ರಲ್ಲ, ಎಲ್ಲಿಗೆ ಹೋಗೋ ಅವಸರ ಇತ್ತು ನಿಮಗೆ?”

ಈ ಪ್ರಶ್ನೆಯನ್ನು ಅಧಿಕಾರಿ ಕೇಳಿರಲಿಲ್ಲ, ಮೇಡಂ ಕೇಳಿರಲಿಲ್ಲ, ಚಪ್ಪಾಳೆ ತಟ್ಟಿದ ಮೂವತ್ತು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ಕಾಯಿಲೆಯ ತಾಯಿಯನ್ನು ನೋಡುವುದಿತ್ತು ಎಂದೋ, ತಮಗೇ ಜ್ವರವಿತ್ತು ಎಂದೋ ಹೇಳುವಂಥದ್ದು ಏನಾದರೂ ಇದ್ದಿದ್ದರೆ ಆ ಗಳಿಗೆಯಲ್ಲಿ ಅವರು ಅದಕ್ಕೆ ತಮ್ಮ ಉಳಿದ ಆಯುಷ್ಯವನ್ನೇ ಕೊಟ್ಟುಬಿಡುತ್ತಿದ್ದರು.

“ವಾಲಿಬಾಲ್ ಮ್ಯಾಚ್ ಇತ್ತಮ್ಮ,” ಎಂದರು. “ಬ್ಯಾರಕ್ ಹಿಂದುಗಡೆ, ಮೈದಾನದಲ್ಲಿ. ಫೈನಲ್. ಅದನ್ನ ಕಂಡ ಮೇಲೂ... ಅಲ್ಲಿಗೇ ಹೋದೆ.”

“ವಾಲಿಬಾಲಾ?”

“ಹೂಂ.”

ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಮತ್ತೆ ಸಾಹೇಬರ ಕಡೆ ತಿರುಗಿದಳು.

“ಯಾರು ಗೆದ್ರು?” ಎಂದಳು.

ಸಾಹೇಬರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಯಾರೂ ಗೆಲ್ಲಲಿಲ್ಲ ತಾಯಿ,” ಎಂದರು. “ಇವರು ಸೈರನ್ ಒತ್ತಿದ್ರಲ್ಲ, ಆಟ ಅರ್ಧಕ್ಕೇ ನಿಂತುಹೋಯ್ತು.”